3.3 ಮೈಕ್ರಾನ್‌ನಲ್ಲಿ ಎಷ್ಟು ಬೆಳಕು? ಅನಿಲ ಪತ್ತೆಗೆ ಫ್ಲೋರೈಡ್ ಫೈಬರ್ ಸೂಪರ್‌ಕಂಟಿನ್ಯುಯಂ ಸೋರ್ಸ್

ಲೇಸರ್ ಪಲ್ಸ್‌ಗಳನ್ನು ಫೈಬರ್‌ನೊಳಗೆ ಹಾಯಿಸಿ, ಅಗಲವಾದ ತರಂಗಾಂತರ ವ್ಯಾಪ್ತಿಗೆ ಹರಡಿದ ಬೆಳಕು ಕೊಡುವ ಸಾಧನವೇ ಸೂಪರ್‌ಕಂಟಿನ್ಯುಯಂ ಸೋರ್ಸ್. ಅದನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಒಟ್ಟು ಪವರ್. ಅನಿಲ ಪತ್ತೆಯ ಕೆಲಸಕ್ಕೆ ಆ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ನಿಮ್ಮ ಅನಿಲ ಹೀರಿಕೊಳ್ಳುವ ತರಂಗಾಂತರದಲ್ಲಿ ಪ್ರತಿ ನ್ಯಾನೊಮೀಟರ್‌ಗೆ ಎಷ್ಟು ಬೆಳಕು ಸಿಗುತ್ತದೆ, ಆ ಬೆಳಕು ಪಲ್ಸ್‌ನಿಂದ ಪಲ್ಸ್‌ಗೆ ಎಷ್ಟು ಏರಿಳಿಯುತ್ತದೆ, ಇವೆರಡೇ ಮುಖ್ಯ. 2ರಿಂದ 4.5 ಮೈಕ್ರಾನ್ ವ್ಯಾಪ್ತಿಯ ಫ್ಲೋರೈಡ್ ಫೈಬರ್ ಸೋರ್ಸ್‌ಗಳನ್ನು ಇಲ್ಲಿ ಈ ಎರಡು ಅಳತೆಗೋಲುಗಳಿಂದಲೇ ತೂಗಿ ನೋಡಿದ್ದೇವೆ. ಇವು ಯಾರಿಗೆ ಬೇಕು, ಯಾರಿಗೆ ದಂಡ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಮೊದಲನೆಯವು ಸಿಲಿಕಾ ಫೈಬರ್‌ನವು. ಎನ್‌ಕೆಟಿ ಫೋಟಾನಿಕ್ಸ್‌ನ ಸೂಪರ್‌ಕೆ ಕಾಂಪ್ಯಾಕ್ಟ್ ಈ ಜಾತಿಯದು: ಕಣ್ಣಿಗೆ ಕಾಣುವ ನೀಲಿಯಿಂದ ಹಿಡಿದು ಸುಮಾರು 2.4 ಮೈಕ್ರಾನ್‌ವರೆಗೆ. ಅದರಾಚೆ ಸಿಲಿಕಾ ಗಾಜೇ ಬೆಳಕನ್ನು ನುಂಗಿಬಿಡುತ್ತದೆ. ಎರಡನೆಯವು ಫ್ಲೋರೈಡ್ ಗಾಜಿನವು: ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಂ, ಅಲ್ಯೂಮಿನಿಯಂ, ಸೋಡಿಯಂ ಫ್ಲೋರೈಡ್‌ಗಳ ಮಿಶ್ರಣವಾದ ಜಿಬ್ಲಾನ್, ಇಲ್ಲವೇ ಇಂಡಿಯಂ ಫ್ಲೋರೈಡ್. ತೋರ್‌ಲ್ಯಾಬ್ಸ್‌ನ ಎಸ್‌ಸಿ4500 ಇಂಡಿಯಂ ಫ್ಲೋರೈಡ್‌ನದು, 1.3ರಿಂದ 4.5 ಮೈಕ್ರಾನ್. ಮೂರನೆಯವು ಚಾಲ್ಕೊಜಿನೈಡ್ ಗಾಜಿನವು. ಈ ಗಾಜಿನಲ್ಲಿ 13.3 ಮೈಕ್ರಾನ್‌ವರೆಗೆ ಹರಡಿದ ಬೆಳಕನ್ನು 2014ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆದರೆ ದಿನವಿಡೀ ಓಡುವ ಅನಿಲ ಮಾಪಕದೊಳಗೆ ಇಟ್ಟು ಮರೆತುಬಿಡುವಷ್ಟು ಗಟ್ಟಿತನ ಆ ಫೈಬರ್‌ಗಳಿಗೆ ಇನ್ನೂ ಬಂದಿಲ್ಲ ಎಂದೇ ನಮ್ಮ ಅನಿಸಿಕೆ. ಆದ್ದರಿಂದ ಇಲ್ಲಿ ಮಾತು ಎರಡನೆಯ ಬಗೆಯದು.

ಅನಿಲಗಳ ಲೆಕ್ಕದಲ್ಲಿ ಈ ವ್ಯಾಪ್ತಿ ಚಿನ್ನದ ಗಣಿ. ಮೀಥೇನ್‌ನ ಗಟ್ಟಿ ಪಟ್ಟಿ, ಅಂದರೆ ಅದು ಬೆಳಕನ್ನು ಬಲವಾಗಿ ಹೀರುವ ತರಂಗಾಂತರಗಳ ಗುಂಪು, 3.31 ಮೈಕ್ರಾನ್‌ನಲ್ಲಿದೆ. ಅಸಿಟಿಲೀನ್ 3.03, ಎಥಿಲೀನ್ 3.2, ಈಥೇನ್ 3.35, ಫಾರ್ಮಾಲ್ಡಿಹೈಡ್ 3.5, ಕಾರ್ಬನ್ ಡೈಆಕ್ಸೈಡ್ 4.26. ಇದೇ ಮೀಥೇನ್‌ಗೆ 1.65 ಮೈಕ್ರಾನ್‌ನಲ್ಲೂ ಒಂದು ಪಟ್ಟಿಯಿದೆ. ಒಂದೇ ತರಂಗಾಂತರ ಕೊಡುವ ಅಗ್ಗದ ಡಿಎಫ್‌ಬಿ ಡಯೋಡ್ ಲೇಸರ್‌ಗಳು ಹಿಡಿಯುವುದು ಅದನ್ನೇ. ಎರಡಕ್ಕೂ ಇರುವ ಅಂತರ ನೋಡಿ. ವಾತಾವರಣದ ಒತ್ತಡದಲ್ಲಿ 1653.7 ನ್ಯಾನೊಮೀಟರ್‌ನ ಗೆರೆ ಒಂದು ಪಿಪಿಎಂ-ಮೀಟರ್‌ಗೆ (ಹತ್ತು ಲಕ್ಷದಲ್ಲಿ ಒಂದು ಪಾಲು ಅನಿಲವಿರುವ ಒಂದು ಮೀಟರ್ ಹಾದಿಗೆ) ಹೀರುವುದು ಸುಮಾರು ಲಕ್ಷದಲ್ಲಿ 4 ಪಾಲು. ಬಯಲ ಗಾಳಿಯಲ್ಲಿ ಹೆಚ್ಚುಕಡಿಮೆ 2 ಪಿಪಿಎಂ ಮೀಥೇನ್ ಇರುತ್ತದೆ. 30 ಮೀಟರ್ ಹಾದಿಯಲ್ಲಿ ಅದು 60 ಪಿಪಿಎಂ-ಮೀಟರ್ ಆಯಿತು, ಹೀರಿಕೆ ಶೇ 0.24. ಅದೇ ಹಾದಿಯಲ್ಲಿ 3.3 ಮೈಕ್ರಾನ್‌ನ ಒಂದು ಬಲವಾದ ಗೆರೆ ಶೇ 7-8ರಷ್ಟು ಹೀರುತ್ತದೆ. ಮೂವತ್ತು ಪಟ್ಟು ದೊಡ್ಡ ಸಿಗ್ನಲ್ ಪುಕ್ಕಟೆ ಸಿಕ್ಕಂತೆ.

ಸಿಗದವುಗಳನ್ನೂ ಹೇಳಿಬಿಡಬೇಕು. ಕಾರ್ಬನ್ ಮೊನಾಕ್ಸೈಡ್‌ನ ಮುಖ್ಯ ಪಟ್ಟಿಯ ನಡುಭಾಗ 4.67 ಮೈಕ್ರಾನ್‌ನಲ್ಲಿದೆ. 4.2ಕ್ಕೋ 4.5ಕ್ಕೋ ನಿಲ್ಲುವ ಸೋರ್ಸ್‌ಗೆ ಅದು ಕೈಗೆ ಎಟುಕುವುದಿಲ್ಲ. 2.33 ಮೈಕ್ರಾನ್‌ನಲ್ಲಿರುವ ಅದರ ಓವರ್‌ಟೋನ್ ಪಟ್ಟಿಯಲ್ಲಿ ಕೆಲಸ ಮಾಡಬಹುದು, ಆದರೆ ಅದು ನೂರಕ್ಕೂ ಹೆಚ್ಚು ಪಟ್ಟು ದುರ್ಬಲ. ಹೈಡ್ರೋಜನ್, ನೈಟ್ರೋಜನ್‌ಗಳಂಥ ಎರಡು ಒಂದೇ ಪರಮಾಣುಗಳ ಅನಿಲಗಳನ್ನು ಅವಕೆಂಪು ಬೆಳಕು ಮುಟ್ಟುವುದೇ ಇಲ್ಲ ಎನ್ನಬಹುದು. ಅವಕ್ಕೆ ಬೇರೆ ಸೆನ್ಸರ್ ಬೇಕು.

ಪೆಟ್ಟಿಗೆಯೊಳಗೆ ನಡೆಯುವುದಿಷ್ಟು. 1.55 ಮೈಕ್ರಾನ್‌ನ ಎರ್ಬಿಯಂ ಸೀಡ್ ಲೇಸರ್‌ನ ಪಲ್ಸ್‌ಗಳನ್ನು ಆಂಪ್ಲಿಫೈಯರ್‌ಗಳು ಹಿಗ್ಗಿಸುತ್ತವೆ. ಥೂಲಿಯಂ ಹಂತವೊಂದು ಅವನ್ನು 2 ಮೈಕ್ರಾನ್‌ನ ಕಡೆಗೆ ತಳ್ಳುತ್ತದೆ. ಆಮೇಲೆ ಕೆಲವು ಮೀಟರ್ ಫ್ಲೋರೈಡ್ ಫೈಬರ್‌ನಲ್ಲಿ ಆ ಬೆಳಕು ಉದ್ದ ತರಂಗಾಂತರದತ್ತ ಹರಡಿಕೊಳ್ಳುತ್ತದೆ. ಪಲ್ಸ್ ಚೂರುಚೂರಾಗಿ ಸಾಲಿಟಾನ್‌ಗಳಾಗುತ್ತದೆ, ಅಂದರೆ ಆಕಾರ ಕೆಡದೆ ಸಾಗುವ ಬೆಳಕಿನ ಸಣ್ಣ ತುಣುಕುಗಳಾಗುತ್ತದೆ. ಒಂದೊಂದು ಸಾಲಿಟಾನ್ ತನ್ನ ನೀಲಿ ಅಂಚಿನ ಶಕ್ತಿಯನ್ನು ತನ್ನದೇ ಕೆಂಪು ಅಂಚಿಗೆ ರಾಮನ್ ಚದುರಿಕೆಯ ಮೂಲಕ ದಾಟಿಸುತ್ತಾ ಸಾಗುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕಂಡ, ಅವರು 1933ರಲ್ಲಿ ಬೆಂಗಳೂರಿಗೆ ಬಂದ ಮೇಲೂ ಬಿಡದೆ ಬೆನ್ನುಹತ್ತಿದ ವಿದ್ಯಮಾನವೇ ಈ ಪೆಟ್ಟಿಗೆಯ ಹೃದಯ ಎನ್ನುವಾಗ ಹೆಮ್ಮೆ ಅನಿಸದೆ ಇರದು.

ಇನ್ನು ಹೊಳಪಿನ ಮಾತು. ಇಡೀ ಅವಕೆಂಪು ರೋಹಿತವನ್ನು ಒಟ್ಟಿಗೆ ಅಳೆಯುವ ಎಫ್‌ಟಿಐಆರ್ ಯಂತ್ರಗಳಲ್ಲಿರುವ ಗ್ಲೋಬಾರ್ ಕಾದ ಸಿಲಿಕಾನ್ ಕಾರ್ಬೈಡ್ ಕಡ್ಡಿ. ಅದರ ತಾಪ 1400 ಕೆಲ್ವಿನ್ ಎಂದಿಟ್ಟುಕೊಳ್ಳಿ. ಅದರಿಂದ ಒಂದೇ ಮೋಡ್‌ನೊಳಗೆ, ಅಂದರೆ ಉದ್ದ ಹಾದಿಯಲ್ಲೂ ಚದುರದ ಒಂದು ಸಣ್ಣ ಕಿರಣದೊಳಗೆ, ತುಂಬಿಸಬಹುದಾದ ಬೆಳಕು 3.3 ಮೈಕ್ರಾನ್‌ನಲ್ಲಿ ಪ್ರತಿ ನ್ಯಾನೊಮೀಟರ್‌ಗೆ ಸುಮಾರು 0.15 ನ್ಯಾನೊವ್ಯಾಟ್. ಇದು ಪ್ಲಾಂಕ್ ಸೂತ್ರದಿಂದ ಬರುವ ಮಿತಿ. ಎಷ್ಟು ದೊಡ್ಡ ಕನ್ನಡಿ ಹಾಕಿದರೂ ಇದಕ್ಕಿಂತ ಹೆಚ್ಚು ಬರುವುದಿಲ್ಲ. ಕೆಲವು ನೂರು ಮಿಲಿವ್ಯಾಟ್‌ನ ಫ್ಲೋರೈಡ್ ಸೋರ್ಸ್‌ನಲ್ಲಿ ಇದೇ ಜಾಗದಲ್ಲಿ ಪ್ರತಿ ನ್ಯಾನೊಮೀಟರ್‌ಗೆ 0.1 ಮಿಲಿವ್ಯಾಟ್‌ನ ಆಸುಪಾಸು ನಿರೀಕ್ಷಿಸಬಹುದು. ಆರೇಳು ಲಕ್ಷ ಪಟ್ಟು.

ಹಾಗಾದರೆ ಗ್ಲೋಬಾರ್ ಎಸೆದುಬಿಡಬೇಕೇ? ಖಂಡಿತ ಬೇಡ. 10 ಸೆಂಟಿಮೀಟರ್‌ನ ಸಾಮಾನ್ಯ ಅನಿಲ ಸೆಲ್‌ನಲ್ಲಿ ಅಗಲವಾದ ಕಿರಣಕ್ಕೆ ಜಾಗವಿರುತ್ತದೆ. ಅಲ್ಲಿ ಗ್ಲೋಬಾರ್ ಸಾವಿರಾರು ಮೋಡ್‌ಗಳಲ್ಲಿ ಬೆಳಕು ಕಳಿಸಿ ಡಿಟೆಕ್ಟರನ್ನು ತುಂಬಿಸುತ್ತದೆ, ಅದೂ ಬಂಡೆಯಂತೆ ಸ್ಥಿರವಾಗಿ. ಅಲ್ಲಿ ಸೂಪರ್‌ಕಂಟಿನ್ಯುಯಂ ಹಾಕಿದರೆ ಸಿಗ್ನಲ್-ನಾಯ್ಸ್ ಅನುಪಾತ ಕೆಡುವ ಸಂಭವವೇ ಹೆಚ್ಚು. ಲೆಕ್ಕ ತಲೆಕೆಳಗಾಗುವುದು ಹಾದಿ ಉದ್ದವಾದಾಗ. ಅರ್ಧ ಮೀಟರ್ ಅಂತರದ ಎರಡು ಕನ್ನಡಿಗಳ ನಡುವೆ 60 ಸಲ ಓಡಾಡಿ 30 ಮೀಟರ್ ಆಗುವ ಹೆರಿಯಟ್ ಸೆಲ್ ತೆಗೆದುಕೊಳ್ಳಿ. ಚಿನ್ನದ ಲೇಪದ ಕನ್ನಡಿ ಒಂದೊಂದು ಸಲಕ್ಕೆ ಶೇ 98 ಹಿಂತಿರುಗಿಸಿದರೂ ಕೊನೆಗೆ ಉಳಿಯುವುದು ಶೇ 30ರಷ್ಟು. ಸೂಪರ್‌ಕಂಟಿನ್ಯುಯಂಗೆ ಅದೇನೂ ನಷ್ಟವಲ್ಲ. ಗ್ಲೋಬಾರ್‌ನ ಅಗಲ ಕಿರಣ ಆ ಸೆಲ್‌ನ ಸಣ್ಣ ತೂತಿನೊಳಗೆ ಹೋಗುವುದೇ ಇಲ್ಲ. ಟೊಳ್ಳು ಫೈಬರ್‌ನಲ್ಲಿ ಅನಿಲ ತುಂಬಿ ಅಳೆಯುವಾಗಲೂ, ಕಾರ್ಖಾನೆಯ ಅಂಗಳದ ಆಚೆಗಿರುವ ಪ್ರತಿಫಲಕದವರೆಗೆ ಕಿರಣ ಬಿಡುವಾಗಲೂ ಇದೇ ಕಥೆ.

ಇನ್ನೊಂದು ಕಡೆಯಿಂದ ಪೈಪೋಟಿ ಕೊಡುವವು ಏಕವರ್ಣ ಲೇಸರ್‌ಗಳು. ಒಂದೇ ಅನಿಲ, ಅದೂ ಮೀಥೇನ್ ಒಂದೇ ಸಾಕು ಎಂದರೆ ಡಿಎಫ್‌ಬಿ ಡಯೋಡ್ ಅಥವಾ 3.3ರ ಇಂಟರ್‌ಬ್ಯಾಂಡ್ ಕ್ಯಾಸ್ಕೇಡ್ ಲೇಸರ್ ತೆಗೆದುಕೊಳ್ಳಿ. ಅಗ್ಗ, ಸಣ್ಣದು, ನಾಯ್ಸ್ ಕಡಿಮೆ. ಸೂಪರ್‌ಕಂಟಿನ್ಯುಯಂ ತನ್ನ ಬೆಲೆಗೆ ನ್ಯಾಯ ಒದಗಿಸುವುದು ನಾಲ್ಕಾರು ಅನಿಲಗಳು ಒಂದರ ಮೇಲೊಂದು ಬಿದ್ದು ಒಂದೇ ಗೆರೆ ನೋಡಿ ಬಿಡಿಸಲು ಆಗದಿದ್ದಾಗ.

ಅದಕ್ಕೆ ತಕ್ಕ ಉದಾಹರಣೆ ಟ್ರಾನ್ಸ್‌ಫಾರ್ಮರ್ ಎಣ್ಣೆ. ಎಣ್ಣೆಯಲ್ಲಿ ಕರಗಿದ ಅನಿಲ ನೋಡಿ ಟ್ರಾನ್ಸ್‌ಫಾರ್ಮರ್‌ನ ಆರೋಗ್ಯ ಹೇಳುವ ಪರೀಕ್ಷೆ ವಿದ್ಯುತ್ ವಲಯದವರಿಗೆಲ್ಲ ಗೊತ್ತು. ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಅಂಥ ಕಡೆ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆ ದಿನನಿತ್ಯದ ಕೆಲಸ. ಅಸಿಟಿಲೀನ್ ಕಂಡರೆ ಒಳಗೆ ಆರ್ಕ್ ಹೊಡೆದಿದೆ, ಎಥಿಲೀನ್ ಏರಿದರೆ ಎಣ್ಣೆ ವಿಪರೀತ ಕಾದಿದೆ, ಕಾರ್ಬನ್‌ನ ಎರಡು ಆಕ್ಸೈಡ್‌ಗಳು ಏರಿದರೆ ಕಾಗದದ ಇನ್ಸುಲೇಷನ್ ಸುಡುತ್ತಿದೆ. ಈಗ ಮೇಲಿನ ಅಂಕಿಗಳನ್ನು ಮತ್ತೆ ನೋಡಿ: ಅಸಿಟಿಲೀನ್, ಎಥಿಲೀನ್, ಮೀಥೇನ್, ಈಥೇನ್ ನಾಲ್ಕೂ 3.0 ಮತ್ತು 3.4 ಮೈಕ್ರಾನ್‌ಗಳ ನಡುವೆ ಸಾಲಾಗಿ ಕೂತಿವೆ. ಒಂದೇ ಕಿರಣ, ಒಂದೇ ಸೆಲ್, ಒಂದೇ ಡಿಟೆಕ್ಟರ್. ಮೀಥೇನ್ ಮತ್ತು ಈಥೇನ್‌ಗಳ ಗೆರೆಗಳು ಹೆಣೆದುಕೊಂಡಿದ್ದರೂ ಪೂರ್ತಿ ಪಟ್ಟಿಯ ಆಕಾರವನ್ನು ಅನಿಲಗಳ ಹೀರಿಕೆ ಗೆರೆಗಳ ಸಂಗ್ರಹವಾದ ಹಿಟ್ರಾನ್ ದತ್ತಾಂಶದಿಂದ ಕಟ್ಟಿದ ಮಾದರಿಗೆ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ ಹೊಂದಿಸಿದರೆ ಬೇರೆಯಾಗುತ್ತವೆ. ಕಾರ್ಬನ್ ಮೊನಾಕ್ಸೈಡನ್ನು ಮೇಲೆ ಹೇಳಿದ 2.33ರ ದುರ್ಬಲ ಪಟ್ಟಿಯಲ್ಲೇ ನೋಡಬೇಕು. ಈ ಪರೀಕ್ಷೆಯ ಹೈಡ್ರೋಜನ್‌ಗಂತೂ ಪಕ್ಕದಲ್ಲಿ ಬೇರೆ ಸೆನ್ಸರ್ ಇಡಲೇಬೇಕು.

ಈಗ ಈ ಸೋರ್ಸ್‌ಗಳ ದೊಡ್ಡ ದೌರ್ಬಲ್ಯ: ನಾಯ್ಸ್. ಉದ್ದ ಪಲ್ಸ್‌ಗಳು ಫೈಬರ್‌ನೊಳಗೆ ಒಡೆಯುವುದು ಬೀಜರೂಪದ ಯಾದೃಚ್ಛಿಕ ಏರಿಳಿತದಿಂದಲೇ. ಆದ್ದರಿಂದ ಒಂದು ಪಲ್ಸ್‌ನ ಸ್ಪೆಕ್ಟ್ರಂ ಇನ್ನೊಂದರಂತೆ ಇರುವುದಿಲ್ಲ. ರೋಹಿತದ ಕೊನೆಯ ಅಂಚಿಗೆ ಹೋದಷ್ಟೂ ಇದು ಹೆಚ್ಚು. ಹಾಗಾಗಿ 4.2ಕ್ಕೆ ನಿಲ್ಲುವ ಸೋರ್ಸ್ ಕೊಂಡು 4.15ರಲ್ಲಿ ಅಳೆಯಲು ಹೋಗಬಾರದು. ನಿಮ್ಮ ಅನಿಲದ ಪಟ್ಟಿ ಅಂಚಿನಿಂದ ಸಾಕಷ್ಟು ಒಳಗಿರಲಿ. ಪಲ್ಸ್‌ನಿಂದ ಪಲ್ಸ್‌ಗೆ ಶೇ 5 ಏರಿಳಿತವಿದೆ ಎಂದುಕೊಳ್ಳೋಣ. ಸೆಕೆಂಡಿಗೆ 25 ಲಕ್ಷ ಪಲ್ಸ್ ಕೊಡುವ ಸೋರ್ಸ್‌ನಲ್ಲಿ ಒಂದು ಮಿಲಿಸೆಕೆಂಡಿಗೆ 2500 ಪಲ್ಸ್ ಸರಾಸರಿಯಾಗಿ ಏರಿಳಿತ ಶೇ 0.1ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 20 ಸಾವಿರ ಪಲ್ಸ್‌ನದಾದರೆ ಅದೇ ಒಂದು ಮಿಲಿಸೆಕೆಂಡಿನಲ್ಲಿ 20 ಪಲ್ಸ್ ಅಷ್ಟೇ, ಏರಿಳಿತ ಶೇ 1.1ರಲ್ಲೇ ನಿಂತಿತು. ಮೀಥೇನ್‌ನ ಸಿಗ್ನಲ್ ಶೇ 8, ಅಂದಮೇಲೆ ಈ ಅಂತರ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ಎಸ್‌ಸಿ4500ರಂಥ ಫೆಮ್ಟೊಸೆಕೆಂಡ್ ಸೋರ್ಸ್‌ನ 50 ಮೆಗಾಹರ್ಟ್ಸ್‌ಗೆ (ಸೆಕೆಂಡಿಗೆ 5 ಕೋಟಿ ಪಲ್ಸ್) ಇಲ್ಲಿ ಬೆಲೆ ಬರುತ್ತದೆ.

ಸರಾಸರಿ ಹಾಕಿದಷ್ಟೂ ನಾಯ್ಸ್ ಇಳಿಯುತ್ತಲೇ ಹೋಗುತ್ತದೆ ಎಂದು ನಂಬಬೇಡಿ. ಪಂಪ್ ಡಯೋಡ್‌ಗಳ ತಾಪ, ಕಿರಣದ ದಿಕ್ಕು, ಕೋಣೆಯ ತೇವ ಇವೆಲ್ಲ ನಿಧಾನವಾಗಿ ಸರಿಯುತ್ತಿರುತ್ತವೆ. ಸೋರ್ಸ್ ಹಚ್ಚಿ ಕನಿಷ್ಠ ಅರ್ಧ ಗಂಟೆ ಬಿಡಿ. ಕ್ಯಾಲ್ಸಿಯಂ ಫ್ಲೋರೈಡ್ ಬೀಮ್‌ಸ್ಪ್ಲಿಟರ್‌ನಿಂದ ಒಂದು ಪಾಲು ಬೆಳಕನ್ನು ಸೆಲ್‌ಗೆ ಹೋಗುವ ಮೊದಲೇ ಕಿತ್ತು ಎರಡನೆಯ ಡಿಟೆಕ್ಟರ್‌ಗೆ ಕೊಡಿ. ಎರಡರ ಅನುಪಾತವನ್ನೇ ಅಳತೆಯಾಗಿ ತೆಗೆದುಕೊಳ್ಳಿ. ನೈಟ್ರೋಜನ್ ತುಂಬಿದ ಸೆಲ್‌ನ ರೆಫರೆನ್ಸನ್ನು ಐದು-ಹತ್ತು ನಿಮಿಷಕ್ಕೊಮ್ಮೆ ಹೊಸದಾಗಿ ತೆಗೆಯಿರಿ. ಬೆಳಿಗ್ಗೆ ಒಮ್ಮೆ ತೆಗೆದದ್ದನ್ನು ಸಂಜೆವರೆಗೆ ಬಳಸಿದರೆ ಬೇಸ್‌ಲೈನ್ ಬಾಗಿದ್ದೇ ಅನಿಲದಂತೆ ಕಾಣುತ್ತದೆ.

ಸೋರ್ಸನ್ನು ಎಫ್‌ಟಿಐಆರ್‌ಗೆ ಜೋಡಿಸುವವರು ಪಲ್ಸ್ ವೇಗವನ್ನು, ಅಂದರೆ ಸೆಕೆಂಡಿಗೆ ಎಷ್ಟು ಪಲ್ಸ್ ಎಂಬುದನ್ನು, ಕೇಳಿ ತಿಳಿದುಕೊಳ್ಳಲೇಬೇಕು. ಯಂತ್ರದ ಸ್ಯಾಂಪಲಿಂಗ್‌ಗೆ ತಾಳ ಹಾಕುವ ಹೀಲಿಯಂ-ನಿಯಾನ್ ಲೇಸರ್‌ನ ಫ್ರಿಂಜ್ 10 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದ್ದರೆ 3.3 ಮೈಕ್ರಾನ್‌ನ ಬೆಳಕು 1.9 ಕಿಲೋಹರ್ಟ್ಸ್‌ನಲ್ಲಿ, 1.65ರದ್ದು 3.8ರಲ್ಲಿ ಮಿಡಿಯುತ್ತದೆ. 20 ಕಿಲೋಹರ್ಟ್ಸ್ ಪಲ್ಸ್ ಸೋರ್ಸ್‌ನಲ್ಲಿ ಒಂದು ಸ್ಯಾಂಪಲ್‌ಗೆ ಸಿಗುವುದು ಎರಡೇ ಪಲ್ಸ್. ಕನ್ನಡಿಯ ವೇಗ ತುಸು ಆಚೀಚೆಯಾದರೂ ಪಲ್ಸ್ ಮತ್ತು ಸ್ಯಾಂಪಲಿಂಗ್ ತಾಳ ತಪ್ಪಿ ಸ್ಪೆಕ್ಟ್ರಂ ತುಂಬ ಕಡ್ಡಿಗಳು ಏಳುತ್ತವೆ. ಮೆಗಾಹರ್ಟ್ಸ್ ಪಲ್ಸ್ ಆದರೆ ಡಿಟೆಕ್ಟರ್ ಅದನ್ನು ನಿರಂತರ ಬೆಳಕೆಂದೇ ನೋಡುತ್ತದೆ, ತಲೆನೋವೇ ಇಲ್ಲ.

ಬೆಳಕನ್ನು ತರಂಗಾಂತರಗಳಾಗಿ ಬಿಡಿಸಲು ಗ್ರೇಟಿಂಗ್ ಬಳಸುವವರಿಗೆ ಬೇರೊಂದು ಬಲೆ ಕಾದಿದೆ, ಅದೂ ಮೀಥೇನ್‌ನಲ್ಲೇ. ಗ್ರೇಟಿಂಗ್ 3.3 ಮೈಕ್ರಾನ್‌ನ ಮೊದಲ ಆರ್ಡರನ್ನು ಕಳಿಸುವ ಕೋನದಲ್ಲೇ 1.65ರ ಎರಡನೆಯ ಆರ್ಡರೂ ಬರುತ್ತದೆ. ಈ ಸೋರ್ಸ್‌ಗಳಲ್ಲಿ 1.55-2 ಮೈಕ್ರಾನ್‌ನ ಬೆಳಕು 3.3ಕ್ಕಿಂತ ಎಷ್ಟೋ ಹೆಚ್ಚು. ಆ ಬೆಳಕೆಲ್ಲ ಡಿಟೆಕ್ಟರ್‌ಗೆ ಬಿದ್ದು ಮೀಥೇನ್‌ನ ಹೀರಿಕೆ ಇರಬೇಕಾದದ್ದಕ್ಕಿಂತ ತೀರ ಕಡಿಮೆ ತೋರುತ್ತದೆ. 1.65ರಲ್ಲೂ ಮೀಥೇನ್ ಇರುವುದರಿಂದ ವಿಚಿತ್ರ ಗೆರೆಗಳೂ ಬೆರೆತು ಗೊಂದಲ ಇಮ್ಮಡಿಯಾಗುತ್ತದೆ. ಮದ್ದು ಸರಳ: 2.4 ಮೈಕ್ರಾನ್‌ಗಿಂತ ಉದ್ದ ತರಂಗಾಂತರವನ್ನು ಮಾತ್ರ ಬಿಡುವ ಲಾಂಗ್‌ಪಾಸ್ ಫಿಲ್ಟರ್. ಆದರೆ ಅದನ್ನು ಕಿರಣಕ್ಕೆ ನೇರವಾಗಿ ನಿಲ್ಲಿಸಬೇಡಿ. ಫಿಲ್ಟರ್ ಹಿಂದಕ್ಕೆ ಎಸೆಯುವ ಪಂಪ್ ಬೆಳಕು ಫೈಬರ್ ತುದಿಗೆ ವಾಪಸ್ ಹೋದರೆ ಆಂಪ್ಲಿಫೈಯರ್‌ಗೇ ಕುತ್ತು. ಕೆಲವು ಡಿಗ್ರಿ ಓರೆ ಮಾಡಿ, ತಿರುಗಿ ಬರುವ ಕಿರಣಕ್ಕೆ ಬೀಮ್ ಡಂಪ್ ಇಡಿ.

ಕಿಟಕಿಗಳ ವಿಷಯ ಇನ್ನೂ ಸೂಕ್ಷ್ಮ. 5 ಮಿಲಿಮೀಟರ್ ದಪ್ಪದ, ಎರಡೂ ಮುಖ ಸಮಾನಾಂತರವಾದ ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ನೋಡಲು ಚೆನ್ನಾಗಿರುತ್ತದೆ. ಒಂದೊಂದು ಮುಖ ಹಿಂತಿರುಗಿಸುವುದು ಶೇ 3ರಷ್ಟೇ. ಆದರೆ ಒಂದೇ ಮೋಡ್‌ನ ಬೆಳಕಿನಲ್ಲಿ ಆ ಎರಡು ಪ್ರತಿಫಲನಗಳು ಕೂಡಿ ಕಳೆದು, ಸಾಕಷ್ಟು ರೆಸಲ್ಯೂಷನ್ ಇದ್ದರೆ, ಸ್ಪೆಕ್ಟ್ರಂ ಮೇಲೆ ಶೇ 11ರವರೆಗಿನ ಅಲೆ ಎಬ್ಬಿಸುತ್ತವೆ. 3.3 ಮೈಕ್ರಾನ್‌ನಲ್ಲಿ ಅಲೆಯಿಂದ ಅಲೆಗೆ ಅಂತರ ಸುಮಾರು 0.8 ನ್ಯಾನೊಮೀಟರ್. ಹುಡುಕುತ್ತಿರುವ ಮೀಥೇನ್ ಶೇ 8! ಕಿಟಕಿ ಬೆಚ್ಚಗಾದಂತೆ ಈ ಅಲೆ ಸರಿಯುವುದರಿಂದ ರೆಫರೆನ್ಸ್‌ನಿಂದ ಭಾಗಿಸಿದರೂ ಪೂರ್ತಿ ಅಳಿಯುವುದಿಲ್ಲ. ಅರ್ಧ ಡಿಗ್ರಿ ವೆಜ್ ಇರುವ, ಅಂದರೆ ಎರಡು ಮುಖಗಳ ನಡುವೆ ಅಷ್ಟು ಕೋನವಿರುವ, ಕಿಟಕಿಯನ್ನೇ ತರಿಸಿ, ಅದನ್ನೂ ತುಸು ಓರೆ ಕೂರಿಸಿ. ವೆಚ್ಚ ಉಳಿಸಲು ಸಮಾನಾಂತರ ಕಿಟಕಿ ಹಾಕುವುದು ಈ ಕೆಲಸದಲ್ಲಿ ತೀರ ದುಬಾರಿ ಉಳಿತಾಯ.

ಕಿರಣವನ್ನು ನೇರಗೊಳಿಸಲು ಲೆನ್ಸ್ ಬೇಡ. 1.5ರಿಂದ 4.2ರವರೆಗಿನ ಬೆಳಕಿಗೆಲ್ಲ ಒಂದೇ ಫೋಕಸ್ ಕೊಡುವ ಲೆನ್ಸ್ ಸಿಗುವುದು ಕಷ್ಟ. ಚಿನ್ನ ಅಥವಾ ಬೆಳ್ಳಿ ಲೇಪದ ಆಫ್-ಆಕ್ಸಿಸ್ ಪ್ಯಾರಾಬೋಲಾ ಕನ್ನಡಿ ಹಾಕಿ. ಆಗಲೂ ಉದ್ದ ತರಂಗಾಂತರದ ಕಿರಣ ಹೆಚ್ಚು ಅಗಲವಾಗಿಯೇ ಇರುತ್ತದೆ. ಆದ್ದರಿಂದ ಹೆರಿಯಟ್ ಸೆಲ್‌ಗೆ ಹೊಂದಿಸುವಾಗ ನಿಮ್ಮ ಅನಿಲದ ತರಂಗಾಂತರವನ್ನೇ ಗುರಿಯಿಟ್ಟುಕೊಳ್ಳಿ. ಅಲೈನ್‌ಮೆಂಟ್‌ಗೆ ಕೆಂಪು ಲೇಸರ್ ಒಂದನ್ನು ಅದೇ ಹಾದಿಗೆ ತಂದುಕೊಂಡರೆ ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಡಿಟೆಕ್ಟರ್ ತುಂಬಿ ತುಳುಕುತ್ತಿದೆಯೇ ಎಂದು ತಿಳಿಯಲು ಒಳ್ಳೆಯ ಉಪಾಯವಿದೆ. ಕೋಣೆಯ ಗಾಳಿಯನ್ನೇ 30 ಮೀಟರ್ ಸೆಲ್‌ಗೆ ಬಿಟ್ಟು 4.26 ಮೈಕ್ರಾನ್ ನೋಡಿ. ಆ ಹಾದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಬೆಳಕನ್ನೆಲ್ಲ ನುಂಗಿರುತ್ತದೆ, ಸಿಗ್ನಲ್ ಸೊನ್ನೆಗೆ ಕೂರಬೇಕು. ಸೊನ್ನೆಗಿಂತ ಮೇಲೋ ಕೆಳಗೋ ನಿಂತಿದ್ದರೆ ಎಂಸಿಟಿ (ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್) ಅಥವಾ ಇಂಡಿಯಂ ಆಂಟಿಮೊನೈಡ್ ಡಿಟೆಕ್ಟರ್ ನಾನ್‌ಲೀನಿಯರ್ ಆಗಿದೆ, ಇಲ್ಲವೇ ಬೇರೆ ತರಂಗಾಂತರದ ಬೆಳಕು ನುಸುಳುತ್ತಿದೆ. ಬೆಳಕು ತಗ್ಗಿಸಿ ಮತ್ತೆ ನೋಡಿ. 4.2ಕ್ಕೆ ನಿಲ್ಲುವ ಸೋರ್ಸ್‌ಗೆ ಇದು ಒಗ್ಗದು. ಅಲ್ಲಿ 2.7 ಮೈಕ್ರಾನ್‌ನ ನೀರಾವಿಯ ಬಲವಾದ ಗೆರೆಗಳನ್ನು ಬಳಸಿ. ಇದೇ ನೀರಾವಿ ಸೋರ್ಸ್‌ನಿಂದ ಸೆಲ್‌ವರೆಗಿನ ತೆರೆದ ಗಾಳಿಯಲ್ಲೂ ಇರುತ್ತದೆ. ಆ ಹಾದಿಯನ್ನೆಲ್ಲ ಮುಚ್ಚಿ ಒಣ ನೈಟ್ರೋಜನ್ ಹರಿಸದಿದ್ದರೆ ಮಳೆಗಾಲದಲ್ಲಿ ಬೇಸ್‌ಲೈನ್ ಹಿಡಿದಿಡುವುದು ಆಗದ ಮಾತು.

ತೇವಕ್ಕೂ ಫ್ಲೋರೈಡ್ ಗಾಜಿಗೂ ಹಗೆ. ತೆರೆದ ಫೈಬರ್ ತುದಿ ಗಾಳಿಯ ನೀರನ್ನು ಹಿಡಿದುಕೊಂಡರೆ 2.9 ಮೈಕ್ರಾನ್ ಸುತ್ತ ಹೀರಿಕೆ ಬೆಳೆಯುತ್ತದೆ. ಹೀರಿದ ಕಡೆ ಬಿಸಿಯಾಗುತ್ತದೆ, ಬಿಸಿಯಾದ ಕಡೆ ತುದಿ ಸುಡುತ್ತದೆ. ಜಿಬ್ಲಾನ್ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುವ ಗಾಜು. ಕರಾವಳಿಯಲ್ಲಿ ಬಳಸುವವರು ತುದಿಯನ್ನು ಕಾಯುವ ಅಲ್ಯೂಮಿನಿಯಂ ಫ್ಲೋರೈಡ್ ಎಂಡ್‌ಕ್ಯಾಪ್ ಇರುವುದನ್ನೇ ಕೇಳಿ ಪಡೆಯಬೇಕು. ತುದಿ ಒರೆಸಲು ನೀರು ಬಿದ್ದ ಯಾವ ದ್ರಾವಣವೂ ಬೇಡ, ಒಣ ಐಸೊಪ್ರೊಪೈಲ್ ಆಲ್ಕೊಹಾಲ್ ಮಾತ್ರ. ಇನ್ನೊಂದು ಸಾಮಾನ್ಯ ತಪ್ಪು, ಕಪಾಟಿನಲ್ಲಿದ್ದ ಮಾಮೂಲಿ ಸಿಲಿಕಾ ಪ್ಯಾಚ್‌ಕಾರ್ಡ್ ಸಿಕ್ಕಿಸುವುದು. 1.55ರ ಬೆಳಕು ಚೆನ್ನಾಗಿ ಬರುವುದರಿಂದ ಪವರ್ ಮೀಟರ್ ಸರಿಯಿದೆ ಎಂದೇ ತೋರಿಸುತ್ತದೆ. 3.3ರದ್ದು ಒಂದೆರಡು ಮೀಟರ್‌ನಲ್ಲಿ ಹೇಳಹೆಸರಿಲ್ಲದಂತಾಗಿರುತ್ತದೆ.

ಕಣ್ಣಿನ ಮಾತು ಸಣ್ಣದಲ್ಲ. 500 ಮಿಲಿವ್ಯಾಟ್ ದಾಟಿದರೆ ಕ್ಲಾಸ್ 4. ಕಿರಣ ಕಾಣಿಸುವುದಿಲ್ಲ, 1.4 ಮೈಕ್ರಾನ್‌ಗಿಂತ ಕೆಳಗಿನದು ನೇರ ರೆಟಿನಾಗೆ ಹೋಗುತ್ತದೆ, ಮೇಲಿನದು ಕಾರ್ನಿಯಾ ಸುಡುತ್ತದೆ. ಒಂದೇ ತರಂಗಾಂತರಕ್ಕೆ ಮಾಡಿದ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು. ಕಿರಣದ ಹಾದಿ ಪೂರ್ತಿ ಮುಚ್ಚಿ, ಮುಚ್ಚಳಕ್ಕೆ ಇಂಟರ್‌ಲಾಕ್ ಹಾಕುವುದೇ ಸರಿ.

ಕೊಳ್ಳುವ ಮುನ್ನ ಮಾರುವವರಿಂದ ಕಾಗದದ ಮೇಲೆ ಪಡೆಯಬೇಕಾದವು ಇಷ್ಟು. ನಿಮ್ಮ ತರಂಗಾಂತರದಲ್ಲಿ ಪ್ರತಿ ನ್ಯಾನೊಮೀಟರ್‌ನ ಪವರ್, ಒಟ್ಟು ಪವರ್‌ನದಲ್ಲ. 2.4 ಮೈಕ್ರಾನ್‌ನ ಮೇಲೆ ಎಷ್ಟು ಶೇಕಡ ಬೆಳಕಿದೆ. ನಿಮ್ಮದೇ ತರಂಗಾಂತರದಲ್ಲಿ, ನೀವು ಬಳಸುವ ಸರಾಸರಿ ಅವಧಿಯಲ್ಲಿ ಅಳೆದ ಏರಿಳಿತ, ಮತ್ತು ಎಂಟು ಗಂಟೆಯ ಡ್ರಿಫ್ಟ್ ಗ್ರಾಫ್. ಪಲ್ಸ್ ವೇಗ ಬದಲಿಸಬಹುದೇ, ಬದಲಿಸಿದರೆ ಸ್ಪೆಕ್ಟ್ರಂ ಎಷ್ಟು ಕುಗ್ಗುತ್ತದೆ. ಕಡೆಯದಾಗಿ, ಫ್ಲೋರೈಡ್ ತುದಿ ಸುಟ್ಟರೆ ರಿಪೇರಿ ಎಲ್ಲಿ ಆಗುತ್ತದೆ, ಪೆಟ್ಟಿಗೆಯನ್ನೇ ವಿದೇಶಕ್ಕೆ ಕಳಿಸಬೇಕೆಂದರೆ ಕಸ್ಟಮ್ಸ್ ಕಾಗದಪತ್ರ ಯಾರ ಹೊಣೆ, ಅಷ್ಟು ದಿನ ಬದಲಿ ಯೂನಿಟ್ ಕೊಡುತ್ತಾರೆಯೇ ಎಂಬುದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ.